ಡಾಂಬರು ಒಂದೇ ಮಳೆಗಾಲಕ್ಕೆ ಎದ್ದುಹೋದರೆ ತಪ್ಪು ಯಾರದ್ದು?

ಪ್ರಶ್ನೆ: ನಮ್ಮೂರು ಶಿರಸಿ–ಕುಮಟಾ ದಾರಿಯಿಂದ ಒಳಗಿದೆ. ಮುಖ್ಯರಸ್ತೆಯಿಂದ ಊರಿಗೆ ಬರುವ ಸುಮಾರು ಒಂದು ಕಿಲೋಮೀಟರ್ ದಾರಿಗೆ ಮಾರ್ಚ್ ಕೊನೆಯಲ್ಲಿ ಡಾಂಬರು ಹಾಕಿದರು. ಆಗಸ್ಟ್ ಹೊತ್ತಿಗೆ ಏರಿನಲ್ಲಿ ಡಾಂಬರು ಹಪ್ಪಳದ ಹಾಗೆ ಎದ್ದಿತು, ಕೆಳಗೆ ತೋಟದ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಕೊರಕಲು ಬಿತ್ತು. ಕಂಟ್ರಾಕ್ಟರರನ್ನು ಕೇಳಿದರೆ ‘ಎಸ್ಟಿಮೇಟ್‌ನಲ್ಲಿ ಇದ್ದದ್ದನ್ನೇ ಮಾಡಿದ್ದೇನೆ’ ಅನ್ನುತ್ತಾರೆ. ಇಂಜಿನಿಯರು ‘ಈ ಸಲ ಮಳೆ ಜಾಸ್ತಿ’ ಅನ್ನುತ್ತಾರೆ. ಪಂಚಾಯಿತಿಯವರು ‘ಅದು ನಮ್ಮ ಕೆಲಸವೇ ಅಲ್ಲ’ ಅನ್ನುತ್ತಾರೆ. ನಿಜಕ್ಕೂ ತಪ್ಪು ಯಾರದ್ದು?

ಉತ್ತರ: ಈ ಮೂರು ಮಾತುಗಳಲ್ಲಿ ಮಳೆಯ ಮಾತನ್ನು ಮೊದಲೇ ಬದಿಗಿಡಿ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮಳೆ ಬೀಳುವುದು ಹೊಸ ಸುದ್ದಿಯಲ್ಲ. ಆರಿದ್ರಾ, ಪುನರ್ವಸು ಮಳೆ ಹೇಗೆ ಹೊಡೆಯುತ್ತದೆ ಎಂದು ಗೊತ್ತಿದ್ದೇ ಇಲ್ಲಿ ರಸ್ತೆಯ ಎಸ್ಟಿಮೇಟ್ ಬರೆಯುತ್ತಾರೆ. ಆ ಮಳೆಗೆ ನಿಲ್ಲದ ರಸ್ತೆಯಲ್ಲಿ ಯಾರದೋ ಕೆಲಸ ಬಾಕಿ ಉಳಿದಿದೆ ಎಂದೇ ಅರ್ಥ.

ಯಾರ ಕೆಲಸ ಎಂಬುದನ್ನು ರಸ್ತೆಯೇ ಹೇಳುತ್ತದೆ. ಅದು ಹಾಳಾದ ರೀತಿ ಒಂದೊಂದೂ ಒಂದೊಂದು ಮೇಜಿನ ಕಡೆಗೆ ಬೆರಳು ಮಾಡುತ್ತದೆ. ‘ಎಲ್ಲರೂ ತಿಂದರು’ ಎಂದು ಒಟ್ಟಾಗಿ ಬೈದರೆ ಸಿಟ್ಟು ಇಳಿಯಬಹುದು, ಆದರೆ ಉತ್ತರ ಕೊಡಬೇಕಾದ ಒಬ್ಬ ವ್ಯಕ್ತಿಯೂ ಸಿಗುವುದಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ರಸ್ತೆಗೆ ಹೋಗಿ ಕೂತು ನೋಡಬೇಕು.

ಏರಿನಲ್ಲಿ ಎದ್ದ ಡಾಂಬರಿನ ಒಂದು ಚೂರನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿ. ಅಡಿಭಾಗದಲ್ಲಿ ಕೆಂಪು ದೂಳು ಅಂಟಿಕೊಂಡು, ಬೆರಳಿನಿಂದ ಉಜ್ಜಿದರೆ ಉದುರುತ್ತಿದೆಯೇ? ಹಾಗಿದ್ದರೆ ಡಾಂಬರು ಕೆಳಗಿನ ಜಲ್ಲಿಯನ್ನು ಹಿಡಿದುಕೊಂಡೇ ಇರಲಿಲ್ಲ. ಖಡೀಕರಣ (ಜಲ್ಲಿ ಹರವಿ ರೋಲರಿನಿಂದ ಗಟ್ಟಿಮಾಡುವುದು) ಮುಗಿದ ಮೇಲೆ ಜಲ್ಲಿಯ ಮೇಲಿನ ದೂಳನ್ನು ಪೂರ್ತಿ ಗುಡಿಸಿ, ಚದರ ಮೀಟರಿಗೆ 0.7ರಿಂದ 1 ಕಿಲೋ ಲೆಕ್ಕದಲ್ಲಿ ಪ್ರೈಮ್ ಕೋಟ್ (ಜಲ್ಲಿಯೊಳಗೆ ಇಳಿಯುವ ತೆಳು ಡಾಂಬರು) ಸಿಂಪಡಿಸಿ, ಅದು ಹೀರಿ ಒಣಗಲು ಒಂದು ದಿನ ಬಿಡಬೇಕು. ಅದರ ಮೇಲೆ ಅಂಟಿನ ಹಾಗೆ ತೆಳ್ಳಗೆ ಟ್ಯಾಕ್ ಕೋಟ್, ಆಮೇಲೆ ಡಾಂಬರು ಮಿಶ್ರಿತ ಜಲ್ಲಿ. ಗುಡಿಸುವುದು ಬೇಸರದ ಕೆಲಸ, ಒಂದು ದಿನ ಕಾಯುವುದಕ್ಕೆ ಕೂಲಿ ಮತ್ತು ಯಂತ್ರದ ಬಾಡಿಗೆ ಖರ್ಚು. ಹಾಗಾಗಿ ಅವಸರವಿದ್ದಾಗ ಮೊದಲು ತಪ್ಪಿಹೋಗುವುದು ಇವೆರಡೇ. ಹೀಗೆ ಹಾಳೆಯಂತೆ ಏಳುವುದಕ್ಕೆ ಕಂಟ್ರಾಕ್ಟರೂ, ಅಂದು ಸ್ಥಳದಲ್ಲಿ ಇರಬೇಕಾಗಿದ್ದ ಜೆ.ಇ.ಯೂ (ಕಿರಿಯ ಇಂಜಿನಿಯರ್) ಉತ್ತರ ಕೊಡಬೇಕು. ಎಸ್ಟಿಮೇಟ್‌ಗೂ ಇದಕ್ಕೂ ಸಂಬಂಧವಿಲ್ಲ, ಏಕೆಂದರೆ ಎಸ್ಟಿಮೇಟ್‌ನಲ್ಲಿ ಪ್ರೈಮ್ ಕೋಟ್, ಟ್ಯಾಕ್ ಕೋಟ್ ಬೇರೆ ಬೇರೆ ಸಾಲಾಗಿ ಇರುತ್ತವೆ, ದುಡ್ಡೂ ಬೇರೆ ಬೇರೆ.

ಹಾಳೆಯಾಗಿ ಏಳದೆ, ಜಲ್ಲಿ ಒಂದೊಂದೇ ಕಾಳಿನಂತೆ ಕಿತ್ತು ಬಂದು ಚಕ್ರಕ್ಕೆ ಸಿಕ್ಕಿ ಹಾರುತ್ತಿದ್ದರೆ ಕಾರಣ ಬೇರೆ. ಡಾಂಬರು ಕಡಿಮೆ ಬಿದ್ದಿದೆ, ಇಲ್ಲವೇ ಮಿಶ್ರಣ ತಣಿದ ಮೇಲೆ ಹರವಿದ್ದಾರೆ. ಹಳ್ಳಿ ರಸ್ತೆಗಳಲ್ಲಿ ಸಾಮಾನ್ಯವಾಗಿ ಬಳಸುವ 20 ಮಿಲಿಮೀಟರ್ ದಪ್ಪದ ಹಾಸಿಗೆ ಹತ್ತು ಚದರ ಮೀಟರಿಗೆ 0.27 ಘನ ಮೀಟರ್ ಜಲ್ಲಿ, 14.6 ಕಿಲೋ ಡಾಂಬರು ಬೇಕು. ನಿಮ್ಮ ರಸ್ತೆ 3.75 ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ ಎಂದಿಟ್ಟುಕೊಂಡರೆ 3750 ಚದರ ಮೀಟರ್. ಅಂದರೆ ಈ ಹಾಸೊಂದಕ್ಕೇ ಸುಮಾರು ಐದೂವರೆ ಟನ್ ಡಾಂಬರು. ನೀರು ಇಳಿಯದಂತೆ ಮೇಲೆ ಹಾಕುವ ಸೀಲ್ ಕೋಟ್ ಬೇರೆ. ಡಾಂಬರು ಕೊಂಡ ಇನ್‌ವಾಯ್ಸ್‌ಗಳನ್ನು ಕೂಡಿಸಿದಾಗ ಇಷ್ಟು ಬರದಿದ್ದರೆ ಮುಂದೆ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ಬಿಸಿಯ ಲೆಕ್ಕ: ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹರವುವಾಗ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬಾರದು, 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಪ್ಲಾಂಟ್ ದೂರವಿದ್ದು, ಟಾರ್ಪಾಲು ಮುಚ್ಚದ ಲಾರಿ ಘಟ್ಟ ಹತ್ತಿ ಬಂದರೆ ಈ ಲೆಕ್ಕ ತಪ್ಪುತ್ತದೆ. ನೆಲ ಒದ್ದೆ ಇದ್ದಾಗ ಹರವಲೇಬಾರದು.

ರಸ್ತೆಯ ಎರಡೂ ಅಂಚು ಮುರಿದು ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ ಪಕ್ಕದ ಮಣ್ಣಿನ ಅಂಚನ್ನು ಕಟ್ಟಿಲ್ಲ. ಚಕ್ರದ ದಾರಿಯಲ್ಲಿ ತಗ್ಗು ಬಿದ್ದು ಬಿರುಕಿನಿಂದ ಕೆಸರು ಮೇಲೆ ಬರುತ್ತಿದ್ದರೆ ಕೆಳಗಿನ ನೆಲವೇ ನೀರು ಕುಡಿದಿದೆ. ಮಲೆನಾಡಿನಲ್ಲಿ ಆಷಾಢದಲ್ಲಿ ಧರೆಯ ಬುಡದಿಂದ ಒರತೆ ಏಳುವ ಜಾಗಗಳು ಊರವರಿಗೆಲ್ಲ ಗೊತ್ತು. ಎಸ್ಟಿಮೇಟ್ ಬರೆದವರು ಬೇಸಗೆಯಲ್ಲಿ ಬಂದು ಒಣನೆಲ ನೋಡಿ ಹೋಗಿರುತ್ತಾರೆ.

ಇನ್ನು ನಿಮ್ಮ ತೋಟದ ತಿರುವಿನ ಕೊರಕಲು. ರಸ್ತೆಗೆ ಅಡ್ಡಲಾಗಿ ಬೀಳುವ ಕೊರಕಲು ಡಾಂಬರಿನ ದೋಷವಲ್ಲ, ನೀರಿಗೆ ದಾರಿ ಇಲ್ಲದ ದೋಷ. ಅಲ್ಲಿ ಮೋರಿ ಇದೆಯೇ ನೋಡಿ. ಇಲ್ಲವಾದರೆ ತಪ್ಪು ಎಸ್ಟಿಮೇಟ್‌ನದು. ಇದ್ದೂ ಕಟ್ಟಿಕೊಂಡಿದ್ದರೆ ನಿರ್ವಹಣೆಯದು. ಇದ್ದೂ ಸಾಲದಿದ್ದರೆ ಪೈಪಿನ ಅಳತೆಯದು. 300 ಮಿಲಿಮೀಟರ್ ಪೈಪಿನ ಬದಲು 600ರದ್ದು ಹಾಕಿದರೆ ಬಾಯಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಒಂದು ಅಡಿಕೆ ಹಾಳೆ, ನಾಲ್ಕು ಸೋಗೆ ಬಂದು ಸಿಕ್ಕಿಕೊಂಡರೆ ಚಿಕ್ಕ ಪೈಪು ಅಲ್ಲಿಗೆ ಮುಗಿಯಿತು, ಅದರೊಳಗೆ ಕೈ ಹಾಕಿ ತೆಗೆಯಲೂ ಆಗುವುದಿಲ್ಲ.

ಗಟಾರದ ಆಳವನ್ನೂ ಅಳೆಯಿರಿ. ಗಟಾರದ ತಳ ರಸ್ತೆಯ ಜಲ್ಲಿ ಹಾಸಿನ ತಳಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಗಟಾರದಲ್ಲಿ ಹರಿಯುವ ನೀರು ಜಲ್ಲಿಯೊಳಗೇ ನುಗ್ಗುತ್ತದೆ, ಅಂಥ ಗಟಾರ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ರಸ್ತೆಯ ನಡು ಎತ್ತರವಿದೆಯೇ ಎಂದು ನೋಡಲು ಒಂದು ದಾರ, ಒಂದೇ ಅಳತೆಯ ಎರಡು ಇಟ್ಟಿಗೆ ಸಾಕು. ನೇರ ದಾರಿಯಲ್ಲಿ ಡಾಂಬರಿನ ಎರಡು ಅಂಚಿಗೆ ಇಟ್ಟಿಗೆ ಇಟ್ಟು, ಅವುಗಳ ಮೇಲೆ ದಾರ ಬಿಗಿದು, ನಡುವೆ ದಾರಕ್ಕೂ ರಸ್ತೆಗೂ ಇರುವ ಅಂತರ ಅಳೆಯಿರಿ. 3.75 ಮೀಟರ್ ಅಗಲದ ರಸ್ತೆಯಲ್ಲಿ ಅದು ಇಟ್ಟಿಗೆಯ ಎತ್ತರಕ್ಕಿಂತ ಐದರಿಂದ ಆರು ಸೆಂಟಿಮೀಟರ್ ಕಡಿಮೆ ಇರಬೇಕು. ಕಡಿಮೆ ಇಲ್ಲದಿದ್ದರೆ ರಸ್ತೆ ಚಪ್ಪಟೆಯಾಗಿದೆ, ನೀರು ಮೇಲೆಯೇ ನಿಲ್ಲುತ್ತದೆ. ತಿರುವಿನಲ್ಲಿ ಈ ಪರೀಕ್ಷೆ ಬೇಡ, ಅಲ್ಲಿ ಇಳಿಜಾರು ಒಂದೇ ಕಡೆಗೆ ಇರುತ್ತದೆ.

ಮೋರಿ, ಗಟಾರ ಎಸ್ಟಿಮೇಟ್‌ನಿಂದ ಯಾಕೆ ತಪ್ಪಿಹೋಗುತ್ತವೆ? ಇದು ಕಳ್ಳತನಕ್ಕಿಂತ ದೊಡ್ಡ ರೋಗ ಎಂಬುದು ನಮ್ಮ ಅಭಿಪ್ರಾಯ. ಮಂಜೂರಾದ ಹಣ ಇಷ್ಟೇ ಎಂದು ಮೊದಲೇ ಗೊತ್ತಿರುತ್ತದೆ. ಅದರಲ್ಲಿ ಗಟಾರ, ಮೋರಿ ಸೇರಿಸಿ ಆರುನೂರು ಮೀಟರ್ ಗಟ್ಟಿಯಾಗಿ ಮಾಡಬಹುದು, ಇಲ್ಲವೇ ಅವನ್ನು ಬಿಟ್ಟು ಒಂದು ಕಿಲೋಮೀಟರ್ ಕಪ್ಪು ಮಾಡಬಹುದು. ‘ಡಾಂಬರು ನಮ್ಮನೆ ದಣಪೆವರೆಗೂ ಬರಲಿ’ ಎಂದು ಊರವರು ಹಟ ಹಿಡಿಯುತ್ತಾರೆ, ಜನಪ್ರತಿನಿಧಿಗೆ ಉದ್ಘಾಟನೆಯ ಕಲ್ಲಿನ ಮೇಲೆ ಉದ್ದ ಬೇಕು, ಹಲವು ಪಂಚಾಯಿತಿಗಳ ಕೆಲಸ ಹೊತ್ತ ಜೆ.ಇ. ಪಕ್ಕದೂರಿನ ಎಸ್ಟಿಮೇಟ್ ತೆಗೆದು ಅಂಕಿ ಬದಲಿಸುತ್ತಾನೆ. ಅವನ ಮೇಲಿನ ಎ.ಇ.ಇ. (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಕಚೇರಿಯಲ್ಲಿ ಕೂತು ತಾಂತ್ರಿಕ ಮಂಜೂರಾತಿಗೆ, ಅಂದರೆ ಎಸ್ಟಿಮೇಟ್ ತಾಂತ್ರಿಕವಾಗಿ ಸರಿಯಿದೆ ಎಂಬ ಒಪ್ಪಿಗೆಗೆ, ಸಹಿ ಹಾಕಿ ಕಳಿಸುತ್ತಾರೆ. ಇವರಲ್ಲಿ ಯಾರೂ ಒಂದು ರೂಪಾಯಿ ಮುಟ್ಟದೆ ಇದ್ದರೂ ರಸ್ತೆ ಹಾಳಾಗುವುದು ಖಚಿತವಾಗಿಬಿಟ್ಟಿರುತ್ತದೆ. ಅದಕ್ಕೇ ತಾಂತ್ರಿಕ ಮಂಜೂರಾತಿಯ ಸಹಿಯನ್ನು ನಾವು ಬಿಲ್ಲಿನ ಸಹಿಗಿಂತ ಮುಖ್ಯವೆಂದು ನೋಡುತ್ತೇವೆ.

ಮಾರ್ಚ್ 31ರ ಗಡಿಬಿಡಿಯೂ ಇದರಲ್ಲಿ ಸೇರಿದೆ. ಹಣಕಾಸು ವರ್ಷ ಮುಗಿಯುವ ಮೊದಲು ಬಿಲ್ಲಾಗದಿದ್ದರೆ ಅನುದಾನ ವಾಪಸು ಹೋಗುತ್ತದೆ ಎಂಬ ಭಯಕ್ಕೆ ನವೆಂಬರ್‌ನಲ್ಲಿ ಶುರುವಾಗಬೇಕಿದ್ದ ಕೆಲಸ ಫೆಬ್ರವರಿಯಲ್ಲಿ ಶುರುವಾಗಿ ಹತ್ತು ದಿನದಲ್ಲಿ ಮುಗಿಯುತ್ತದೆ. ಪ್ರೈಮ್ ಕೋಟ್ ಒಣಗಲು ಬೇಕಾದ ಆ ಒಂದು ದಿನ ಕಳೆದುಹೋಗುವುದು ಇಲ್ಲಿಯೇ.

ಊರವರ ಪಾಲನ್ನೂ ಹೇಳಲೇಬೇಕು. ಮನೆಗೆ ಗಾಡಿ ಇಳಿಸಲು ಗಟಾರಕ್ಕೆ ಪೈಪು ಹಾಕದೆ ಮಣ್ಣು ತುಂಬಿದವರು, ತೋಟದ ಹೆಚ್ಚಿನ ನೀರನ್ನು ಕಾದಿಗೆಯಿಂದ ರಸ್ತೆಗೆ ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ತಿರುವಿನ ಮೇಲ್ಭಾಗದಲ್ಲಿ ಹಾಗೇನಾದರೂ ಆಗಿದ್ದರೆ ಅರ್ಜಿಗೆ ಮೊದಲು ಅದನ್ನು ಸರಿಮಾಡಿ. ಪರಿಶೀಲನೆಗೆ ಬಂದವರು ಮೊದಲು ತೋರಿಸುವುದು ಅದನ್ನೇ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನ ನಲ್ಲಿ ಪೈಪಿಗಾಗಿ ರಸ್ತೆ ಅಗೆದು ಹಾಗೇ ಬಿಟ್ಟಿದ್ದರೆ, ಆ ಭಾಗದ ದೂರು ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಹೋಗಬೇಕು, ರಸ್ತೆ ಮಾಡಿದವರಿಗಲ್ಲ.

ಯಾರ ರಸ್ತೆ ಎಂಬುದು ಮುಂದಿನ ಪ್ರಶ್ನೆ. ಕಾರವಾರದಿಂದ ಭಟ್ಕಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ಬಗ್ಗೆ ಪಂಚಾಯಿತಿಯನ್ನು ಕೇಳಿ ಫಲವಿಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ನಿಮ್ಮಂಥ ಊರ ರಸ್ತೆಯ ಕೆಲಸವನ್ನು ಹೆಚ್ಚಾಗಿ ಮಾಡಿಸುವುದು ತಾಲ್ಲೂಕಿನ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗ. ಹಾಗಾಗಿ ‘ನಮ್ಮ ಕೆಲಸವಲ್ಲ’ ಎಂದ ಪಂಚಾಯಿತಿಯವರ ಮಾತು ಡಾಂಬರಿನ ಮಟ್ಟಿಗೆ ನಿಜವಿರಬಹುದು, ಗಟಾರದ ಹೂಳಿನ ಮಟ್ಟಿಗೆ ಅಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ದಿನದಿಂದ ಐದು ವರ್ಷ ಅದೇ ಕಂಟ್ರಾಕ್ಟರ್ ನಿರ್ವಹಣೆ ಮಾಡಬೇಕೆಂದು ಒಪ್ಪಂದದಲ್ಲೇ ಇರುತ್ತದೆ, ರಸ್ತೆಯ ಬಾಯಲ್ಲಿ ನೆಟ್ಟ ಫಲಕದಲ್ಲಿ ದಿನಾಂಕ, ಮೊತ್ತ ಸಿಗುತ್ತವೆ. ಬೇರೆ ಯೋಜನೆಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಟೆಂಡರ್ ಕರಾರಿನಲ್ಲಿ ಬರೆದಿರುತ್ತದೆ. ಆ ಅವಧಿಯೊಳಗೆ ಹಾಳಾದದ್ದನ್ನು ಕಂಟ್ರಾಕ್ಟರ್ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು, ಇಲ್ಲವಾದರೆ ಅವರ ಭದ್ರತಾ ಠೇವಣಿಯಿಂದ ಮಾಡಿಸಬಹುದು. ಅವಧಿ ಮುಗಿದು ಠೇವಣಿ ವಾಪಸಾದ ಮೇಲೆ ನಿಮ್ಮ ಕೈಯಲ್ಲಿ ಫೋಟೋ ಮಾತ್ರ ಉಳಿಯುತ್ತದೆ.

ಹೆಸರು ಸಿಗುವುದು ಅಳತೆ ಪುಸ್ತಕದಲ್ಲಿ. ಕಚೇರಿಯಲ್ಲಿ ಎಲ್ಲರೂ ಎಂ.ಬಿ. ಅನ್ನುತ್ತಾರೆ. ಪುಟಗಳಿಗೆ ಸಂಖ್ಯೆ ಹಾಕಿದ ಆ ಪುಸ್ತಕದಲ್ಲಿ ಜೆ.ಇ. ಪ್ರತಿ ಹಂತದ ಉದ್ದ, ಅಗಲ, ದಪ್ಪ, ಅಳೆದ ದಿನಾಂಕ ಬರೆದು ಸಹಿ ಮಾಡಬೇಕು, ಎ.ಇ.ಇ. ಮರು ಅಳತೆ ಮಾಡಿ ಸಹಿ ಹಾಕಬೇಕು. ಬಿಲ್ಲಾಗುವುದು ಇದರ ಮೇಲೆಯೇ. ಪ್ರೈಮ್ ಕೋಟ್ ಮತ್ತು ಡಾಂಬರು ಎರಡಕ್ಕೂ ಒಂದೇ ದಿನಾಂಕ ಇದ್ದರೆ, ನೀವು ಮಗುಚಿ ನೋಡಿದ ಚೂರಿನ ಕೆಂಪು ದೂಳಿಗೆ ಲಿಖಿತ ಸಾಕ್ಷಿ ಸಿಕ್ಕಂತೆ.

ಇದನ್ನು ಪಡೆಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ಹಾಳಾಯಿತು?’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ದಾಖಲೆ ಕೇಳಿ: ಎಸ್ಟಿಮೇಟ್ ಮತ್ತು ತಾಂತ್ರಿಕ ಮಂಜೂರಾತಿ, ಕರಾರು, ಎಂ.ಬಿ. ಪುಟಗಳು, ಡಾಂಬರಿನ ಇನ್‌ವಾಯ್ಸ್, ಗುಣಮಟ್ಟ ಪರೀಕ್ಷೆಯ ವರದಿ, ಕೆಲಸ ಮುಗಿದ ಪ್ರಮಾಣಪತ್ರ. 2005ರ ಕಾಯ್ದೆಯ 2(ಜೆ) ಕಲಮು ಕಾಮಗಾರಿಯನ್ನೇ ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ, ಹೆಚ್ಚಿನವರು ಇದನ್ನು ಬಳಸುವುದೇ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ದಾಖಲೆ ಬರಲೆಂದು ಕಾಯುತ್ತಾ ದೋಷದ ದೂರನ್ನು ತಡಮಾಡಬೇಡಿ, ಎರಡೂ ಒಟ್ಟಿಗೆ ಹೋಗಲಿ. ನಿಮ್ಮ ವಿಷಯದಲ್ಲಿ ದೋಷ ಎರಡು, ಪತ್ರವೂ ಎರಡು. ಏರಿನ ಡಾಂಬರಿನ ಬಗ್ಗೆ ಉಪವಿಭಾಗದ ಎ.ಇ.ಇ.ಗೆ: ದೋಷ ಹೊಣೆಗಾರಿಕೆ ಅವಧಿಯಲ್ಲಿ ಕಂಟ್ರಾಕ್ಟರರಿಂದ ಸರಿಮಾಡಿಸಿ, ಮುಗಿಯುವವರೆಗೆ ಠೇವಣಿ ಬಿಡಬೇಡಿ ಎಂದು. ತಿರುವಿನ ಮೋರಿಯ ಬಗ್ಗೆ ವಿಭಾಗದ ಕಾರ್ಯಪಾಲಕ ಇಂಜಿನಿಯರಿಗೆ: ಅದು ಕಂಟ್ರಾಕ್ಟರರಿಂದ ಉಚಿತವಾಗಿ ಆಗುವ ಕೆಲಸವಲ್ಲ, ಹೊಸ ಎಸ್ಟಿಮೇಟ್ ಬೇಕು. ಇವೆರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಮೋರಿಗೆ ಹಣವಿಲ್ಲವೆಂಬ ಕಾರಣಕ್ಕೆ ಡಾಂಬರಿನ ದೂರೂ ಅದೇ ಫೈಲಿನಲ್ಲಿ ಮಲಗುತ್ತದೆ. ಕಿಲೋಮೀಟರ್ ಆರಂಭದಿಂದ ಎಷ್ಟು ಮೀಟರಿನಲ್ಲಿ ಹಾಳಾಗಿದೆ ಎಂದು ಟೇಪು ಹಿಡಿದು ಅಳೆದು ಬರೆಯಿರಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಫೋಟೋ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಇರುವ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು, ವಾಟ್ಸ್ಆ್ಯಪ್ ಫೋಟೋ ಕಡತದಲ್ಲಿ ಇರುವುದಿಲ್ಲ. ಮೋರಿಯ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಅದರ ನಕಲನ್ನು ಎರಡನೆಯ ಪತ್ರಕ್ಕೆ ಸೇರಿಸಿ.

ಕೆಲಸ ಮುಗಿದದ್ದು ಮಾರ್ಚ್ ಕೊನೆಗೆ. ಕರಾರಿನಲ್ಲಿ ಅವಧಿ ಒಂದೇ ವರ್ಷ ಎಂದಿದ್ದರೂ ಬರುವ ಮಾರ್ಚ್‌ವರೆಗೆ ಸಮಯವಿದೆ. ದೀಪಾವಳಿಯೊಳಗೆ ಮೊದಲ ಪತ್ರ ಕೊಟ್ಟರೆ ನೆಲ ಒಣಗಿರುವ ಡಿಸೆಂಬರ್–ಜನವರಿಯಲ್ಲೇ ಏರಿನ ಕೆಲಸ ಮಾಡಿಸಬಹುದು. ಆಗ ಹೊಸ ಡಾಂಬರು ಬೀಳುವ ದಿನ ಯಾರಾದರೂ ಇಬ್ಬರು ಬೆಳಿಗ್ಗೆಯಿಂದ ಅಲ್ಲಿರಿ, ಹಿಂದಿನ ದಿನವೇ ಗುಡಿಸಿ ಪ್ರೈಮ್ ಕೋಟ್ ಸಿಂಪಡಿಸಿದ್ದಾರೆಯೇ ಎಂದು ನೋಡಿ.