ದುಡ್ಡು ಕಟ್ಟುವ ಮೊದಲು ಐಎಸ್‌ಎಸ್‌ಎನ್ ತನ್ನಿ

ಸಂಜೆ ಆರರ ಸುಮಾರಿಗೆ ಪಿಜಿ ವಿದ್ಯಾರ್ಥಿನಿಯೊಬ್ಬಳು ಏಪ್ರನ್ ತೋಳಿಗೆ ಹಾಕಿಕೊಂಡು ಲೈಬ್ರರಿ ಕೌಂಟರಿಗೆ ಬಂದಳು. "ಸರ್, ಇದು ಸ್ಕೋಪಸ್ ಜರ್ನಲ್ ಅಲ್ವಾ? ಇಂಪ್ಯಾಕ್ಟ್ ಫ್ಯಾಕ್ಟರ್ 7 ಅಂತ ಮೇಲ್‌ನಲ್ಲಿದೆ. ಲೇಖನ ಪ್ರಕಟಿಸಲು ನಾಳೆಯೊಳಗೆ ದುಡ್ಡು ಕಟ್ಟಬೇಕಂತೆ." ಜರ್ನಲ್‌ನ ಐಎಸ್‌ಎಸ್‌ಎನ್, ಅಂದರೆ ಎಂಟಂಕಿಯ ಗುರುತಿನ ಸಂಖ್ಯೆಯನ್ನು ಜರ್ನಲ್‌ಗಳನ್ನು ಆಯ್ದು ಪಟ್ಟಿಮಾಡುವ ಸ್ಕೋಪಸ್ ಡೇಟಾಬೇಸಿನ ಸೋರ್ಸಸ್ ಪುಟದಲ್ಲಿ ಹಾಕಿದೆ. ಹೆಸರೇನೋ ಬಂತು. ಕೆಳಗೆ ಸಣ್ಣಕ್ಷರದಲ್ಲಿ, ಸೇರ್ಪಡೆ 2020ಕ್ಕೇ ನಿಂತಿದೆ ಎಂದಿತ್ತು. ಆಕೆಯ ಮುಖ ಬಾಡಿತು.

ನಮ್ಮಲ್ಲಿಗೆ ಬರುವ ವೈದ್ಯರಲ್ಲಿ ಬಹುಪಾಲು ಮಂದಿ ಎರಡು ಪ್ರಶ್ನೆಗಳನ್ನು ಒಂದೇ ಮಾಡಿಕೊಂಡಿರುತ್ತಾರೆ. ಜರ್ನಲ್ ಎಲ್ಲಿ ಇಂಡೆಕ್ಸ್ ಆಗಿದೆ, ಅಂದರೆ ಯಾವ ಡೇಟಾಬೇಸಿನ ಪಟ್ಟಿಯಲ್ಲಿದೆ ಎನ್ನುವುದು ಒಂದು, ಅದರ ರ್‍ಯಾಂಕ್ ಎಷ್ಟು ಎನ್ನುವುದು ಇನ್ನೊಂದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಅಧ್ಯಾಪಕರ ಅರ್ಹತಾ ನಿಯಮಗಳು ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಎಂಬೇಸ್, ಸ್ಕೋಪಸ್, ಡಿಒಎಜೆ ಮುಂತಾದ ಪಟ್ಟಿಗಳಲ್ಲಿರುವ ಜರ್ನಲ್‌ಗಳ ಲೇಖನಗಳನ್ನು ಒಪ್ಪುವುದಾಗಿ ಹೇಳಿದ್ದವು. ಅದು ಇಂಡೆಕ್ಸಿಂಗ್ ಮಾತು. ಇದನ್ನು ನೋಡಲು ಚಂದಾ ಬೇಕಿಲ್ಲ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗ್‌ನಲ್ಲಿ ಜರ್ನಲ್ ಈಗ ಮೆಡ್‌ಲೈನ್‌ನಲ್ಲಿದೆಯೇ ಎಂಬುದು ಸ್ಪಷ್ಟವಾಗಿ ಸಿಗುತ್ತದೆ. ಒಂದೆರಡು ಲೇಖನ ಪಬ್‌ಮೆಡ್ ಎಂಬ ಹುಡುಕಾಟ ತಾಣದಲ್ಲಿ ಕಂಡ ಮಾತ್ರಕ್ಕೆ ಇಡೀ ಜರ್ನಲ್ ಮೆಡ್‌ಲೈನ್‌ನಲ್ಲಿದೆ ಎಂದು ನಂಬಬೇಡಿ. ಸಂಶೋಧನೆಗೆ ಹಣ ಕೊಟ್ಟವರ ಷರತ್ತಿನಂತೆ ಲೇಖಕರೇ ಪಬ್‌ಮೆಡ್ ಸೆಂಟ್ರಲ್‌ಗೆ ಸೇರಿಸಿದ ಪ್ರತಿಯೂ ಅಲ್ಲಿ ಕಾಣಿಸುತ್ತದೆ.

ರ್‍ಯಾಂಕ್ ವಿಷಯ ಬೇರೆ. ಇಂಪ್ಯಾಕ್ಟ್ ಫ್ಯಾಕ್ಟರ್‌ನ ಅಧಿಕೃತ ಮೂಲ ಕ್ಲಾರಿವೇಟ್‌ನ ಜರ್ನಲ್ ಸೈಟೇಶನ್ ರಿಪೋರ್ಟ್ಸ್, ನಮ್ಮ ಬಾಯಲ್ಲಿ ಜೆಸಿಆರ್. ಪ್ರತಿವರ್ಷ ಜೂನ್‌ನಲ್ಲಿ ಹೊಸದು ಬರುತ್ತದೆ. ಒಂದು ವರ್ಷದಲ್ಲಿ ಅದರ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಸಿಕ್ಕ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಸರಾಸರಿಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಕ್ಯಾನ್ಸರ್ ತಜ್ಞರಿಗೆ ಪರಿಚಿತವಾದ 'ಸಿಎ' ಜರ್ನಲ್‌ನ 2022ರ ಇಂಪ್ಯಾಕ್ಟ್ ಫ್ಯಾಕ್ಟರ್ 250 ದಾಟಿತ್ತು. ಅದು ಪ್ರಕಟಿಸುವ ಲೇಖನಗಳೇ ಕಡಿಮೆ, ಜೊತೆಗೆ ಅದರ ವಾರ್ಷಿಕ ಕ್ಯಾನ್ಸರ್ ಅಂಕಿಅಂಶವನ್ನು ಜಗತ್ತೆಲ್ಲ ಉಲ್ಲೇಖಿಸುತ್ತದೆ. ಅಲ್ಲಿನ ಪ್ರತಿ ಲೇಖನವೂ ಅಷ್ಟು ದೊಡ್ಡದೆಂದು ಇದರರ್ಥವಲ್ಲ.

ಜೆಸಿಆರ್‌ಗೆ ಸಂಸ್ಥೆ ಚಂದಾ ಕಟ್ಟಬೇಕು. 2025ರ ಜನವರಿಯಲ್ಲಿ ಶುರುವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳನ್ನು ತೆರೆದಿಟ್ಟಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಜಾಲ ಹೆಲಿನೆಟ್ ನಮ್ಮ ರಾಜ್ಯದ ಕಾಲೇಜುಗಳಿಗೆ ಮೊದಲಿನಿಂದಲೂ ಆಸರೆ. ಆದರೆ ಜರ್ನಲ್ ಓದಲು ಸಿಕ್ಕಿತೆಂದರೆ ಅದರ ರ್‍ಯಾಂಕ್ ತಿಳಿಸುವ ಡೇಟಾಬೇಸೂ ಸಿಕ್ಕಿತು ಎಂದಲ್ಲ. ಚಂದಾ ಇದ್ದ ಕಡೆಯೂ ಸಾಮಾನ್ಯವಾಗಿ ಕ್ಯಾಂಪಸ್‌ನ ಐಪಿ ವಿಳಾಸದಿಂದಲೇ ಬಾಗಿಲು ತೆರೆಯುವುದು. ವಾರ್ಡಿನಲ್ಲಿ ಮೊಬೈಲ್ ಡೇಟಾ ಹಾಕಿಕೊಂಡು "ಓಪನ್ ಆಗ್ತಿಲ್ಲ" ಎನ್ನುವವರು ರಿಮೋಟ್ ಲಾಗಿನ್ ಇದೆಯೇ ಎಂದು ಲೈಬ್ರರಿಯಲ್ಲಿ ಕೇಳಿ.

ಜೆಸಿಆರ್ ಇಲ್ಲದಿದ್ದರೆ ಸ್ಕೋಪಸ್‌ನ ಸೈಟ್‌ಸ್ಕೋರ್, ಜರ್ನಲ್‌ಗಳಿಗೆ ರ್‍ಯಾಂಕ್ ಕೊಡುವ ಸಿಮಾಗೊ ತಾಣ ಎರಡೂ ಉಚಿತ. ಆದರೆ ಸೈಟ್‌ಸ್ಕೋರ್ ನಾಲ್ಕು ವರ್ಷಗಳ ಲೆಕ್ಕ. ಅಲ್ಲಿ 7 ಇದ್ದರೆ ಇಂಪ್ಯಾಕ್ಟ್ ಫ್ಯಾಕ್ಟರ್ 7 ಎಂದು ಬರೆಯುವಂತಿಲ್ಲ. ಸಿಮಾಗೊದಲ್ಲಿ ಕ್ಯೂ1, ಅಂದರೆ ತನ್ನ ವಿಷಯದ ಮೊದಲ ಕಾಲು ಭಾಗದಲ್ಲಿರುವ ಜರ್ನಲ್, ಜೆಸಿಆರ್‌ನಲ್ಲಿ ಕ್ಯೂ2 ಆಗಿರಬಹುದು. ಯಾವ ಮೂಲ, ಯಾವ ವರ್ಷ, ಯಾವ ವಿಷಯ ವಿಭಾಗ ಎಂದು ಹುದ್ದೆಯ ಅರ್ಜಿಯಲ್ಲಿ ಬರೆದುಬಿಡಿ.

ದಯವಿಟ್ಟು ವಾಟ್ಸಾಪ್‌ನಲ್ಲಿ ಸುತ್ತುವ ಎಕ್ಸೆಲ್ ಪಟ್ಟಿಗಳನ್ನು ನಂಬಬೇಡಿ. 2023ರ ಮಾರ್ಚ್‌ನಲ್ಲಿ ಪರಿಸರ ಮತ್ತು ಸಾರ್ವಜನಿಕ ಆರೋಗ್ಯದ ದೊಡ್ಡದೊಂದು ಅಂತರರಾಷ್ಟ್ರೀಯ ಜರ್ನಲನ್ನೇ ಕ್ಲಾರಿವೇಟ್‌ನ ವೆಬ್ ಆಫ್ ಸೈನ್ಸ್ ಡೇಟಾಬೇಸ್ ಕೈಬಿಟ್ಟಿತು. ಹಳೆಯ ಪಟ್ಟಿ ಹಿಡಿದವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಆ ಹುಡುಗಿ ಇನ್ನೂ ದುಡ್ಡು ಕಟ್ಟಿರಲಿಲ್ಲ. ಪೇಪರ್ ವಾಪಸ್ ಪಡೆಯುತ್ತೇನೆಂದು ಕೌಂಟರಿನಲ್ಲೇ ನಿಂತು ಮೇಲ್ ಬರೆದಳು. ಅವರಿಂದ ಲಿಖಿತ ಒಪ್ಪಿಗೆ ಬರುವವರೆಗೆ ಬೇರೆಲ್ಲೂ ಕಳಿಸಬೇಡಮ್ಮ, ಒಂದೇ ಪೇಪರ್ ಒಟ್ಟಿಗೆ ಎರಡು ಕಡೆ ಇರಬಾರದು ಎಂದು ಹೇಳಿ ಕಳಿಸಿದೆ.