ರಾಂಪತ್ರೆ ಜಡ್ಡಿಗೆ ನಕ್ಷೆಯಲ್ಲಿ ಜಾಗ

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕದಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿದೆ. ಅಲ್ಲಿ ಇಳಿಜಾರಿನ ನಿತ್ಯಹರಿದ್ವರ್ಣ ಕಾಡಿನಿಂದ ಹಳ್ಳದ ಕಡೆಗೆ ನಡೆದರೆ ಒಂದು ಹಂತದಲ್ಲಿ ಕಾಲಡಿಯ ದರಗು ಮುಗಿದು ಕಪ್ಪು ಕೆಸರು ಆರಂಭವಾಗುತ್ತದೆ. ಕಾಂಡದಿಂದ ಊರುಗೋಲಿನಂತೆ ಇಳಿದ ಬೇರುಗಳು ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಮರದವು. ಕೆಸರಿನಿಂದ ಮಂಡಿ ಮಡಿಚಿದಂತೆ ಮೇಲೆದ್ದು ಮತ್ತೆ ಒಳಸೇರುವವು ಜಿಮ್ನಾಕ್ರಾಂಥೆರಾ ಕೆನರಿಕಾ ಎಂಬ ಮರದವು. ಕಾಡುಜಾಯಿಕಾಯಿಯ ಬಳಗದ ಈ ಮರಗಳು ಬೆಳೆಯುವ ಇಂಥ ಜೌಗು ಜಾಗವನ್ನು ಊರಿನವರು ರಾಂಪತ್ರೆ ಜಡ್ಡಿ ಎನ್ನುತ್ತಾರೆ. ಈ ಕಾನಿನ ಹೆಸರನ್ನೇ ಹೊತ್ತ ಅಪರೂಪದ ಗೇರುಜಾತಿಯ ಮರ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಇರುವುದೂ ಇಂಥಲ್ಲಿಯೇ. ಸುತ್ತಲಿನ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ಹೀಗೆ ಕಾಡಿಗೆ ರಕ್ಷಣೆ ದೊರೆತಿದೆ. ಆದರೆ ಅದರೊಳಗಿನ ಪ್ರತಿಯೊಂದು ಜಡ್ಡಿ ಎಲ್ಲಿದೆ, ಎಷ್ಟಿದೆ ಎಂದು ತೋರಿಸುವ ನಕ್ಷೆ ಇಲ್ಲದಿದ್ದರೆ ನಿರ್ವಹಣಾ ಯೋಜನೆ ಬರೆಯುವ ಅಧಿಕಾರಿಗೆ ಅದು ಇಲ್ಲವೆಂದೇ ಲೆಕ್ಕ.

ಕಾಡಿನ ಸಸ್ಯನಕ್ಷೆ ತಯಾರಿಸುವ ನಮ್ಮ ವೃತ್ತಿಯಲ್ಲಿ ಎಲ್ಲರೂ ಕೈಯಲ್ಲಿ ಹಿಡಿದು ಬೆಳೆದದ್ದು, ಪುದುಚೇರಿಯ ಫ್ರೆಂಚ್ ಸಂಸ್ಥೆಯು 1980ರ ದಶಕದಲ್ಲಿ ಅರಣ್ಯ ಇಲಾಖೆಯ ಜೊತೆಗೂಡಿ ಪ್ರಕಟಿಸಿದ ಸಸ್ಯನಕ್ಷೆಗಳನ್ನು. ಅವು ಕಾಡನ್ನು ಕೇವಲ ಮಳೆ ಮತ್ತು ಎತ್ತರದ ಆಧಾರದಿಂದ ವಿಂಗಡಿಸದೆ, ಆಯಾ ಕಾಡಿನ ಲಕ್ಷಣ ಹೇಳುವ ಮರಗಳ ಹೆಸರಿನಿಂದಲೇ ಗುರುತಿಸಿದವು. ಇಂದಿಗೂ ಅದಕ್ಕಿಂತ ಉತ್ತಮ ತಳಹದಿಯನ್ನು ನಾನು ಕಂಡಿಲ್ಲ. ಆದರೆ ಅವುಗಳ ಪ್ರಮಾಣ 1:2,50,000. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 250 ಮೀಟರ್. ಒಂದು ಚದರ ಮಿಲಿಮೀಟರ್ ಎಂದರೆ 6.25 ಹೆಕ್ಟೇರ್. ಹಳ್ಳದ ಇಕ್ಕೆಲಗಳಲ್ಲಿ ಕೆಲವೇ ಹತ್ತು ಮೀಟರ್ ಅಗಲಕ್ಕೆ ಹಬ್ಬಿದ ಜಡ್ಡಿಯನ್ನು ಆ ಪ್ರಮಾಣದಲ್ಲಿ ಬಿಡಿಸುವುದು ಸಾಧ್ಯವೇ ಇಲ್ಲ. ಇದು ಆ ನಕ್ಷೆಯ ದೋಷವಲ್ಲ, ಅದರ ಉದ್ದೇಶವೇ ಬೇರೆ. 1968ರಲ್ಲಿ ಬಂದ ಚಾಂಪಿಯನ್ ಮತ್ತು ಸೇಠ್ ಅವರ ಅರಣ್ಯ ವರ್ಗೀಕರಣದಲ್ಲಿ ಮಿರಿಸ್ಟಿಕಾ ಜೌಗುಕಾಡಿಗೆ, ಅಂದರೆ ಈ ಜಡ್ಡಿಗೆ, ಪ್ರತ್ಯೇಕ ಸಂಕೇತವೇ ಇದೆ. ಹೆಸರು ಇದೆ, ನಕ್ಷೆಯಲ್ಲಿ ಜಾಗವಿಲ್ಲ ಎಂಬ ಸ್ಥಿತಿ.

ಸೆಂಟಿನೆಲ್-2 ಉಪಗ್ರಹ 10 ಮೀಟರ್ ಸೂಕ್ಷ್ಮತೆಯ ಚಿತ್ರ ಕೊಡುತ್ತಿರುವಾಗ ಇದು ಸುಲಭವಾಗಬೇಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಚಿತ್ರದಲ್ಲಿ ಕಾಣುವುದು ಮರದ ನೆತ್ತಿ ಮಾತ್ರ. ಜಡ್ಡಿಯನ್ನು ಜಡ್ಡಿಯಾಗಿಸುವುದು ನೆತ್ತಿಯ ಕೆಳಗಿರುವ ನೀರು ಮತ್ತು ಬೇರು. ಮಳೆಗಾಲದುದ್ದಕ್ಕೂ ಮೋಡ, ಚಳಿಗಾಲದಲ್ಲಿ ಕಣಿವೆಯ ನೆರಳು. ವೃತ್ತಿಯ ಆರಂಭದಲ್ಲಿ ನಾನು ಒಂದು ಕಣಿವೆಯ ತಳವನ್ನೆಲ್ಲ ಚಿತ್ರ ನೋಡಿಯೇ ನಿತ್ಯಹರಿದ್ವರ್ಣವೆಂದು ಬಣ್ಣ ಹಚ್ಚಿದ್ದೆ. ಆಮೇಲೆ ಹೋಗಿ ನೋಡಿದಾಗ ಅದರ ಒಂದು ಭಾಗ ದಟ್ಟವಾಗಿ ಬೆಳೆದ ಅಡಿಕೆ ತೋಟ, ಇನ್ನೊಂದು ಭಾಗ ಅಕೇಶಿಯಾ ನೆಡುತೋಪು, ನಡುವೆ ಉಳಿದ ಕಿರಿದಾದ ಪಟ್ಟಿ ನಿಜವಾದ ಜಡ್ಡಿ. ಆ ದಿನದಿಂದ ಚಿತ್ರವನ್ನು ನಾನು ಎಲ್ಲಿಗೆ ನಡೆಯಬೇಕೆಂದು ತಿಳಿಯಲು ಬಳಸುತ್ತೇನೆ, ಅಲ್ಲಿ ಏನಿದೆಯೆಂದು ತೀರ್ಮಾನಿಸಲು ಅಲ್ಲ.

ಆದ್ದರಿಂದ ಕೆಲಸ ಹಳ್ಳದಿಂದಲೇ ಆರಂಭವಾಗಬೇಕು. ಸ್ಥಳಾಕೃತಿ ನಕ್ಷೆಯಲ್ಲಿರುವ ಪ್ರತಿಯೊಂದು ಸಣ್ಣ ತೊರೆಯನ್ನೂ ಪಟ್ಟಿ ಮಾಡಿ, ಮಾರ್ಚ್‌ನಿಂದ ಮೇ ತಿಂಗಳೊಳಗೆ ಬಾಯಿಯಿಂದ ಮೂಲದವರೆಗೆ ನಡೆಯುತ್ತೇವೆ. ಮಳೆಗಾಲದಲ್ಲಿ ಇಡೀ ಕಾನೇ ಜಡ್ಡಿಯಂತೆ ಕಾಣುತ್ತದೆ. ಬೇಸಿಗೆಯ ಕೊನೆಯಲ್ಲೂ ಒದ್ದೆಯಾಗಿರುವ ನೆಲ ಮಾತ್ರ ನಮಗೆ ಬೇಕಾದದ್ದು. ನೀರು ಎಲ್ಲಿ ಬತ್ತುವುದಿಲ್ಲವೆಂಬುದು ಅಲ್ಲಿನ ತೋಟದವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುವುದರಿಂದ ಅವರ ಮಾತನ್ನು ಮೊದಲು ಕೇಳಿ ಆಮೇಲೆ ಉಪಕರಣ ತೆಗೆಯುವುದು ಒಳ್ಳೆಯದು. ದಟ್ಟ ಮರದಡಿಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಜಡ್ಡಿಯ ಅಗಲವೇ ಅಷ್ಟಿರುವಲ್ಲಿ ಇದು ಸಣ್ಣ ವಿಷಯವಲ್ಲ. ಹಾಗಾಗಿ ಒಂದೇ ಬಿಂದುವಿನಲ್ಲಿ ಕೆಲವು ನಿಮಿಷ ನಿಂತು ಹಲವು ಅಳತೆಗಳ ಸರಾಸರಿ ತೆಗೆದುಕೊಂಡು, ಹಳ್ಳದ ತಿರುವಿನಿಂದ ಟೇಪಿನಲ್ಲಿ ದೂರವನ್ನೂ ಅಳೆಯುತ್ತೇವೆ. 20 ಮೀಟರ್ ಚೌಕದ ಮಾದರಿಯಲ್ಲಿ ಎದೆಮಟ್ಟದಲ್ಲಿ 30 ಸೆಂಟಿಮೀಟರ್ ಮೀರಿದ ಪ್ರತಿ ಮರದ ಸುತ್ತಳತೆ ಬರೆಯುತ್ತೇವೆ. ಊರುಬೇರಿನ ಮರವಾದರೆ ಬೇರು ಕಾಂಡಕ್ಕೆ ಸೇರುವ ಜಾಗದ ಮೇಲಿನಿಂದ ಅಳೆಯಬೇಕು. ದೊಡ್ಡ ಮರಗಳಿಗಿಂತ ಹೆಚ್ಚು ಹೊತ್ತು ನಾನು ಸಸಿಗಳ ಮುಂದೆ ಕುಳಿತುಕೊಳ್ಳುತ್ತೇನೆ. ಮೇಲೆ ಮುದಿ ಮರಗಳಿದ್ದು ಕೆಳಗೆ ಅವುಗಳ ಒಂದೂ ಸಸಿ ಇಲ್ಲದಿದ್ದರೆ, ತೊರೆಯ ಮೇಲ್ಭಾಗದಲ್ಲಿ ನೀರನ್ನು ತಿರುಗಿಸಿದ ಕಾಲುವೆಯನ್ನು ಹುಡುಕಬೇಕು.

ಗಡಿಗೆರೆಯನ್ನು ಎಳೆಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಕಾಡಿನಲ್ಲಿ ಗೆರೆ ಇಲ್ಲ. ಬೇಸಿಗೆಯ ಒದ್ದೆ, ಮಂಡಿಬೇರು, ಜೌಗಿನ ಸಸಿ ಈ ಮೂರರಲ್ಲಿ ಎರಡಾದರೂ ಇದ್ದರೆ ಒಳಗೆ ಎಂದು ನಾವು ತೀರ್ಮಾನಿಸುತ್ತೇವೆ. ಸಂದೇಹವಿದ್ದಲ್ಲಿ ಚುಕ್ಕಿಗೆರೆ ಹಾಕುತ್ತೇವೆ. ನಿಖರತೆಯ ಶೇಕಡಾವಾರು ಅಂಕಿಯನ್ನು ಮಾತ್ರ ನೋಡುವವರಿಗೆ ಒಂದು ಉದಾಹರಣೆ ಹೇಳಬಯಸುತ್ತೇನೆ. ನಕ್ಷೆಯನ್ನು ನೆಲದೊಂದಿಗೆ ತಾಳೆ ನೋಡುವ 200 ಪರೀಕ್ಷಾ ಬಿಂದುಗಳಲ್ಲಿ 4 ಜಡ್ಡಿಯವು, ಆ ನಾಲ್ಕೂ ತಪ್ಪಾಗಿ ಉಳಿದೆಲ್ಲವೂ ಸರಿಯಾದವು ಎಂದುಕೊಳ್ಳಿ. ನಕ್ಷೆ ಶೇ. 98 ನಿಖರ, ಆದರೆ ಅದರಲ್ಲಿ ಒಂದು ಜಡ್ಡಿಯೂ ಇಲ್ಲ. ಆದುದರಿಂದ ಪ್ರತಿ ಸಸ್ಯ ಸಮುದಾಯದ ನಿಖರತೆಯನ್ನು ಬೇರೆ ಬೇರೆಯಾಗಿ ಕೇಳಬೇಕು, ಅಪರೂಪದ ಸಮುದಾಯಕ್ಕೆ ಹೆಚ್ಚು ಬಿಂದುಗಳನ್ನು ಮೀಸಲಿಡಬೇಕು.

ಇತ್ತೀಚೆಗೆ ನಾವು ಜಡ್ಡಿಯ ಗೆರೆಯ ಜೊತೆಗೆ, ಅದಕ್ಕೆ ನೀರು ಕೊಡುವ ಮೇಲಿನ ಇಳಿಜಾರನ್ನೂ ಆ ಜಡ್ಡಿಗೆ ಕೊಟ್ಟ ಸಂಖ್ಯೆಯಡಿಯೇ ನಕ್ಷೆಯಲ್ಲಿ ಗುರುತಿಸುತ್ತಿದ್ದೇವೆ. ಅಲ್ಲಿ ರಸ್ತೆ ಅಥವಾ ಕಾಲುವೆಯ ಪ್ರಸ್ತಾವ ಬಂದರೆ ಕೆಳಗಿನ ಯಾವ ಜಡ್ಡಿ ಒಣಗುತ್ತದೆಂದು ಕಡತ ನೋಡುವವರಿಗೆ ತಿಳಿಯಲು ಈ ಸಂಖ್ಯೆ ಸಾಕು.