ಉಂಗುರದ ಲೋಹ: ದರ ಕೇಳುವ ಮೊದಲು ಕೈ ನೋಡಿ

ಮೈಸೂರಿನ ಅಶೋಕ ರಸ್ತೆಯಿರಲಿ, ಮಂಡ್ಯದ ಪೇಟೆ ಬೀದಿಯಿರಲಿ, ನಿಶ್ಚಿತಾರ್ಥದ ಉಂಗುರಕ್ಕೆಂದು ಬಂದವರು ಮೊದಲು ಕೇಳುವುದು ಇವತ್ತಿನ ರೇಟು. ಆಮೇಲೆ ಹಿರಿಯರೊಬ್ಬರು, "ನಾಳೆ ಮಾರುದ್ರೆ ಎಷ್ಟ್ ಬತ್ತದೆ ಆಚಾರ್ರೆ?" ಅನ್ನುತ್ತಾರೆ. ಹುಡುಗ, ಹುಡುಗಿ ಕೈಯಲ್ಲಿ ಏನು ಕೆಲಸ ಮಾಡುತ್ತಾರೆ ಎಂಬ ಮಾತು ಬರುವುದೇ ಕಡಿಮೆ. ಲೋಹ ಆರಿಸಲು ಮೊದಲು ತಿಳಿಯಬೇಕಾದದ್ದು ಅದೇ. ನೆಕ್ಲೇಸು ವರ್ಷಕ್ಕೆ ನಾಲ್ಕು ಮದುವೆ ನೋಡಿ ಬೀರು ಸೇರುತ್ತದೆ. ಉಂಗುರ ದಿನವೂ ಬೈಕಿನ ಹಿಡಿಗೆ, ಕುಕ್ಕರಿನ ಕಂಠಕ್ಕೆ, ಬಸ್ಸಿನ ಕಂಬಿಗೆ ಉಜ್ಜಿಸಿಕೊಳ್ಳುತ್ತದೆ.

22 ಕ್ಯಾರೆಟ್ ಎಂದರೆ ನೂರರಲ್ಲಿ 91.6 ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಬಣ್ಣ ಚೆನ್ನ, ಬೆವರಿಗೆ ಕಪ್ಪಾಗುವುದಿಲ್ಲ, ಯಾವ ಅಂಗಡಿಯಲ್ಲೂ ಬದಲಾಯಿಸಬಹುದು. ಆದರೆ ಮೆದು. ಸಾದಾ ಉಂಗುರಕ್ಕೆ ಈ ಮೆದುತನ ದೊಡ್ಡ ತೊಂದರೆಯಲ್ಲ, ಅಡಿಭಾಗ 1.5 ಮಿಲಿಮೀಟರಿಗಿಂತ ತೆಳುವಾಗಿರಬಾರದು ಅಷ್ಟೆ. ಉಂಗುರ ಸವೆಯುವುದು ಅಂಗೈ ಕಡೆಯಿಂದ. ಮೇಲೆ ಅಗಲವಾಗಿ ಕಾಣುವಂತೆ ಮಾಡಿ ಅಡಿಯಲ್ಲಿ ಚಿನ್ನ ಉಳಿಸಿದ ಹಗುರ ಉಂಗುರಗಳು ಮೊದಲು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ, ಆಮೇಲೆ ಅಡಿಯಲ್ಲೇ ಸೀಳುತ್ತವೆ. ಒಳಗೆ ಟೊಳ್ಳಿರುವ ಉಂಗುರ ತಗ್ಗಿದರೆ ಒಳಗಿನಿಂದ ಎತ್ತಲು ದಾರಿಯಿಲ್ಲ. ದಿನಬಳಕೆಗೆ ಅದು ಬೇಡವೇ ಬೇಡ.

ವಜ್ರ ಕೂರಿಸುವುದಾದರೆ ಲೆಕ್ಕ ಬೇರೆ. ಹರಳನ್ನು ಹಿಡಿಯುವ ಸಣ್ಣ ಕೊಕ್ಕೆಗಳು 22 ಕ್ಯಾರೆಟ್‌ನಲ್ಲಿ ಬಟ್ಟೆಗೆ, ಕೂದಲಿಗೆ ಸಿಕ್ಕಿ ಸ್ವಲ್ಪ ಸ್ವಲ್ಪವೇ ಬಾಗುತ್ತವೆ. ಹರಳು ಅಲುಗುವುದು ಗೊತ್ತಾಗುವಷ್ಟರಲ್ಲಿ ಅದು ಉದುರಿಯೇ ಹೋಗಿರಬಹುದು. ಕೊಕ್ಕೆ ಕಟ್ಟಿನ ವಜ್ರಕ್ಕೆ 18 ಕ್ಯಾರೆಟ್ ಸರಿ: 75 ಪಾಲು ಚಿನ್ನ, ಗಟ್ಟಿತನ ಸಾಕಷ್ಟು. 22ರಲ್ಲೇ ಆಗಬೇಕು ಎನ್ನುವವರು ಹರಳಿನ ಸುತ್ತ ಚಿನ್ನದ ಪಟ್ಟಿ ಮಡಚಿ ಕಟ್ಟುವ ಬಗೆಯನ್ನು ಕೇಳಲಿ.

"ಹದಿನೆಂಟಾದ್ರೆ ಚಿನ್ನ ಕಮ್ಮಿ ಅಲ್ವಾ?" ನಿಜ, ಆದರೆ ತೂಕವೂ ಇಳಿಯುತ್ತದೆ. ಒಳ ಅಡ್ಡಳತೆ 17, ಅಗಲ 3, ದಪ್ಪ 1.5 ಮಿಲಿಮೀಟರ್ ಇರುವ ಚಪ್ಪಟೆ ಉಂಗುರ 22 ಕ್ಯಾರೆಟ್‌ನಲ್ಲಿ ಸುಮಾರು 4.6 ಗ್ರಾಂ ತೂಗುತ್ತದೆ, 18ರಲ್ಲಿ 4 ಗ್ರಾಂ. ಅಪ್ಪಟ ಚಿನ್ನ ಮೊದಲನೆಯದರಲ್ಲಿ 4.2, ಎರಡನೆಯದರಲ್ಲಿ 3 ಗ್ರಾಂ. ಅದೇ ಅಚ್ಚಿನ ಉಂಗುರ 950 ಪ್ಲಾಟಿನಂನಲ್ಲಿ (ನೂರರಲ್ಲಿ 95 ಪಾಲು ಪ್ಲಾಟಿನಂ) 5.4 ಗ್ರಾಂ ಆಗುತ್ತದೆ, ಬೆಳ್ಳಿಯಲ್ಲಿ 2.7. ಹಾಗಾಗಿ ಗ್ರಾಮಿನ ದರವನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಬೇಕಾದ ಉಂಗುರದ ಪೂರ್ತಿ ಬೆಲೆಯನ್ನು ಮಜೂರಿ, ವೇಸ್ಟೇಜ್, ಶೇ. 3 ಜಿಎಸ್‌ಟಿ ಸೇರಿಸಿ ಕೇಳಿ.

ಬಿಳಿ ಚಿನ್ನದ ಬಗ್ಗೆ ಅಂಗಡಿಯವರು ಹೇಳದೆ ಬಿಡುವ ಮಾತೊಂದಿದೆ. ಚಿನ್ನ ಹುಟ್ಟಾ ಬಿಳಿಯಲ್ಲ; ನಿಕಲ್ ಅಥವಾ ಪಲ್ಲೇಡಿಯಂ ಬೆರೆಸಿದಾಗ ಹಳದಿ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಕನ್ನಡಿಯಂಥ ಬಿಳುಪು ಬರುವುದು ಮೇಲೆ ಕೊಟ್ಟ ರೋಡಿಯಂ ಎಂಬ ಬಿಳಿ ಲೋಹದ ಲೇಪದಿಂದ. ದಿನಾ ಹಾಕಿದರೆ ಒಂದೆರಡು ವರ್ಷದಲ್ಲಿ ಅಡಿಭಾಗದ ಲೇಪ ಸವೆದು ಮಾಸಲು ಹಳದಿ ಇಣುಕುತ್ತದೆ, ಮತ್ತೆ ಲೇಪ ಕೊಡಿಸಬೇಕು. ಕಡಿಮೆ ಬೆಲೆಯ ಕಿವಿಯೋಲೆ, ವಾಚಿನ ಬಕಲ್ ತಾಗಿದರೆ ತುರಿಕೆ ಬರುವವರಿಗೆ ನಿಕಲ್ ಆಗದಿರುವ ಸಾಧ್ಯತೆ ಹೆಚ್ಚು. ಅಂಥವರು ಪಲ್ಲೇಡಿಯಂ ಬೆರೆಸಿದ್ದನ್ನೇ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ರೋಸ್ ಗೋಲ್ಡ್‌ಗೆ ಈ ಲೇಪದ ತಾಪತ್ರಯವಿಲ್ಲ, ಅದರ ಕೆಂಪು ತಾಮ್ರದ್ದೇ.

ಪ್ಲಾಟಿನಂ ಒಳ್ಳೆಯ ಲೋಹ, ಅದರಲ್ಲಿ ಎರಡು ಮಾತಿಲ್ಲ. ಬಣ್ಣ ಅದರದೇ, ಅಲರ್ಜಿ ಅಪರೂಪ, ಗೀರು ಬಿದ್ದರೂ ಲೋಹ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅಷ್ಟಾಗಿ ಉದುರಿಹೋಗುವುದಿಲ್ಲ. ತೊಡಕಿರುವುದು ರಿಪೇರಿಯಲ್ಲಿ. ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ. ಚಿನ್ನಕ್ಕೆಂದು ಇಟ್ಟ ಗ್ಯಾಸ್ ಉರಿ ಇದಕ್ಕೆ ಏನೇನೂ ಸಾಲದು; ಲೇಸರ್ ಬೆಸುಗೆ ಬೇಕು, ಇಲ್ಲವೇ ಆಮ್ಲಜನಕದ ಬಿಸಿ ಉರಿ ಬೇಕು. ಅದಿಲ್ಲದವರು ಚಿನ್ನದ ಬೆಸುಗೆಯನ್ನೇ ಹಾಕಿಬಿಟ್ಟರೆ ಬಿಳಿ ಉಂಗುರದಲ್ಲಿ ಹಳದಿ ಗೆರೆ ಉಳಿಯುತ್ತದೆ. ಆದ್ದರಿಂದ ಸೈಜ್ ಬದಲಿಸಿಕೊಡುವವರು ಯಾರು, ಎಷ್ಟು ದಿನ ಬೇಕು, ವಾಪಸ್ ಕೊಟ್ಟರೆ ಎಷ್ಟು ಕಡಿತ ಎಂಬುದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಿ. ಬಿಐಎಸ್ ಹಾಲ್‌ಮಾರ್ಕ್, ಅಂದರೆ ಭಾರತೀಯ ಮಾನಕ ಬ್ಯೂರೋದ ಶುದ್ಧತೆಯ ಮುದ್ರೆ, ಚಿನ್ನ, ಬೆಳ್ಳಿಗೆ ಮಾತ್ರ, ಪ್ಲಾಟಿನಂಗೆ ಇಲ್ಲ.

ಇನ್ನೊಂದು ವಿಷಯ: ಪ್ಲಾಟಿನಂ ಉಂಗುರದ ಪಕ್ಕದಲ್ಲೇ 22 ಕ್ಯಾರೆಟ್ ಉಂಗುರ ಹಾಕಿದರೆ ಸವೆಯುವುದು ಚಿನ್ನ. ಎರಡನ್ನೂ ಒಂದೇ ಬೆರಳಿಗೆ ಹಾಕುವ ಆಸೆಯಿದ್ದರೆ ಎರಡೂ ಒಂದೇ ಲೋಹದ್ದಾಗಲಿ.

ಬೆಳ್ಳಿ ಕಾಲುಂಗುರಕ್ಕೆ ಸರಿ. ಕೈಯಲ್ಲಿ ಕಪ್ಪಾಗುತ್ತದೆ, ಬೇಗ ಬಾಗುತ್ತದೆ. ಟಂಗ್‌ಸ್ಟನ್ ಉಂಗುರಕ್ಕೆ ಗೀರು ಬೀಳುವುದಿಲ್ಲ ಎಂದು ಹುಡುಗರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅದನ್ನು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು, ಬೆರಳು ಊದಿಕೊಂಡರೆ ಆಸ್ಪತ್ರೆಯ ಸಾಮಾನ್ಯ ಕಟರ್‌ನಿಂದ ಕತ್ತರಿಸಲೂ ಆಗದು. ಇಕ್ಕಳದಲ್ಲಿ ಅದುಮಿ ಒಡೆಯಬೇಕು.

ಕೈಯ ಕೆಲಸಕ್ಕೆ ಬರೋಣ. ಗದ್ದೆ, ಗ್ಯಾರೇಜು, ಅಡುಗೆ ಕಂಟ್ರಾಕ್ಟು ಮಾಡುವವರಿಗೆ ಹರಳಿಲ್ಲದ, ಅಂಚು ದುಂಡಗಿನ ದಪ್ಪ ಉಂಗುರವೇ ಸೈ. ಬ್ಲೀಚ್ ಬಳಸುವವರು 18 ಕ್ಯಾರೆಟ್ ಹಾಕಿಕೊಂಡು ಕೈ ಅದ್ದಬಾರದು. ಬ್ಲೀಚಿನ ಕ್ಲೋರಿನ್ ಚಿನ್ನದಲ್ಲಿರುವ ಬೆರಕೆ ಲೋಹವನ್ನು ಕೆಡಿಸಿ ಬೆಸುಗೆಯಲ್ಲಿ, ಕೊಕ್ಕೆಯಲ್ಲಿ ಬಿರುಕು ತರುತ್ತದೆ. ಲ್ಯಾಬು, ಆಸ್ಪತ್ರೆಯವರು ಪಾದರಸದ ಬಗ್ಗೆ ಎಚ್ಚರದಿಂದಿರಬೇಕು. ಒಡೆದ ಥರ್ಮಾಮೀಟರಿನ ಒಂದು ಹನಿ ತಾಗಿದರೂ ಚಿನ್ನ ಅಲ್ಲಿ ಬೆಳ್ಳಗಾಗುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸಿ ತೆಗೆಯುವ ಸಾಹಸ ಬೇಡ, ಆ ಆವಿ ವಿಷ. ಬೋರ್‌ವೆಲ್ಲಿನ ಗಡಸು ನೀರು, ಸೋಪು ಸೇರಿ ಹರಳಿನ ಕೆಳಗೆ ಕಟ್ಟುವ ಪೊರೆ ವಜ್ರವನ್ನು ಮಂಕಾಗಿಸುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆಯ ಲಿಕ್ವಿಡ್ ಎರಡು ಹನಿ, ಮಕ್ಕಳ ಬ್ರಷ್ ಸಾಕು. ಮುತ್ತು, ಹವಳ ಇದ್ದರೆ ನೆನೆಹಾಕಬೇಡಿ.

ಅಳತೆಯನ್ನು ಬೆಳಗಿನ ಚಳಿಯಲ್ಲಿ ಕೊಡಬೇಡಿ, ಸಂಜೆ ಕೊಡಿ. ನಮ್ಮ ಸೈಜ್ ಒಂದು ಅಂಕಿ ಏರಿದರೆ ಒಳ ಸುತ್ತಳತೆ ಒಂದು ಮಿಲಿಮೀಟರ್ ಏರುತ್ತದೆ. ಎರಡು ಸೈಜ್ ದೊಡ್ಡದು ಮಾಡಲು 2.5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ 22 ಕ್ಯಾರೆಟ್ ಉಂಗುರಕ್ಕೆ ಸೇರುವ ಚಿನ್ನ 0.13 ಗ್ರಾಂ ಮಾತ್ರ; ಅರ್ಧ ಗ್ರಾಂ ಬೇಕು ಎಂದರೆ ಲೆಕ್ಕ ಕೇಳಿ. ವರನಿಗೆ ನವರತ್ನದ ಉಂಗುರ ಮಾಡಿಸುವವರಂತೂ ಸೈಜನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು. ಪಚ್ಚೆ, ಮುತ್ತು, ಹವಳ ಬೆಸುಗೆಯ ಬಿಸಿ ತಾಳುವುದಿಲ್ಲ, ಹರಳು ಬಿಚ್ಚಿಯೇ ಕೆಲಸ ಮಾಡಬೇಕಾಗುತ್ತದೆ.

ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ಚಿನ್ನದ ನಿವ್ವಳ ತೂಕ ಬೇರೆಬೇರೆ ಇರಬೇಕು. ವಜ್ರದಲ್ಲಿ ಕ್ಯಾರೆಟ್ ಎಂದರೆ ಶುದ್ಧತೆಯಲ್ಲ, ತೂಕ; ಒಂದು ಕ್ಯಾರೆಟ್ ವಜ್ರ 0.2 ಗ್ರಾಂ, ಹರಳನ್ನು ಚಿನ್ನದ ತೂಕಕ್ಕೆ ಸೇರಿಸಿದರೆ ನಷ್ಟ ನಿಮ್ಮದೇ. ಉಂಗುರದ ಒಳಮೈಯಲ್ಲಿ ಮೂರು ಗುರುತು ನೋಡಿ: ಬಿಐಎಸ್ ಮುದ್ರೆ, 22ಕೆ916 ಅಥವಾ 18ಕೆ750, ಪ್ರತಿ ಒಡವೆಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇರುವುದರಿಂದ ತೀರಾ ಹಗುರ ಉಂಗುರ ಗುರುತಿಲ್ಲದೆಯೂ ಬರಬಹುದು. ದುಡ್ಡು ಕೊಡುವ ಮೊದಲು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿ. ಕೈಯಲ್ಲಿರುವುದು ಉಂಗುರ, ಆ್ಯಪ್ ತೋರಿಸುವುದು ಓಲೆ ಎಂದಾದರೆ ಉಂಗುರವನ್ನು ಅಲ್ಲೇ ಬಿಟ್ಟು ಬನ್ನಿ. ಮುಂದೆ ಸೈಜ್ ಬದಲಿಸುವಾಗ ಆ ಗುರುತಿರುವ ಜಾಗ ಬಿಟ್ಟು ಕತ್ತರಿಸಿ, ಅಲ್ಲಿ ಪಾಲಿಶ್ ಉಜ್ಜಬೇಡಿ ಎಂದು ಹೇಳಿಯೇ ಕೊಡಿ.